ಗಾಳಿಗೆ ಹಾಕಿದ ಸೀಲು

ಹಾಲು ಸಕ್ಕರೆಯ ಮಿಶ್ರಣದೊಳಗೆ ಗಾಳಿ ಸೇರಿಸಿ ಮನೆಗೆ ಬಂದವರಿಗೆ ಬಡಿಸುವುದು ಸತ್ಕಾರವೋ ವಂಚನೆಯೋ ಎಂಬ ಪ್ರಶ್ನೆ ಯಾವುದಾದರೂ ನ್ಯಾಯಾಲಯದ ಮುಂದೆ ಬಂದಿದೆಯೋ ಇಲ್ಲವೋ ನನಗೆ ತಿಳಿಯದು. ನಮ್ಮ ಕಟ್ಟಡದ ಎರಡನೆಯ ಮಹಡಿಯ ಎಡಗಡೆ ಮನೆಯಲ್ಲಿ ಬಂತು. ಒಂದು ಗುರುವಾರ ಶುರುವಾದ ವಿಚಾರಣೆ ಭಾನುವಾರದ ಸಂಜೆ ಮುಗಿಯಿತು. ಸಾಕ್ಷಿಗಳಲ್ಲಿ ನಾನೂ ಒಬ್ಬನಾದ್ದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುವ ಹೊಣೆ ನನ್ನ ಮೇಲಿದೆ.

ಆ ಮನೆಯ ಯಜಮಾನರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಕಟ್ಟಡದವರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತೇವೆ. ಎದುರಿಗೆ ಮಾತ್ರ ಬರೀ ಸಾಹೇಬರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು, ಲೀಟರಿನ ಅಳತೆ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ತಂತಿ ಸುತ್ತಿ ಸೀಸದ ಸೀಲು ಹಾಕುವುದು ಅವರ ಕೆಲಸ. ಮನುಷ್ಯ ಕೆಟ್ಟವರಲ್ಲ. ಯಾರ ಲಂಚವನ್ನೂ ಮುಟ್ಟಿದವರಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ. ತೊಂದರೆ ಏನೆಂದರೆ, ಸಂಜೆ ಅವರು ಮನೆಗೆ ಬರುವಾಗ ಕೆಲಸವೂ ಅವರ ಜೊತೆಗೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿತ್ತು.

ಅವರು ಈ ಕಟ್ಟಡಕ್ಕೆ ಬಂದ ಹೊಸದರಲ್ಲಿ, ನಮ್ಮ ಸಂಘದ ಕಾರ್ಯದರ್ಶಿ, ನಿವೃತ್ತ ಹೆಡ್‌ಮೇಡಂ, ಒಂದು ಕೆಜಿ ದ್ರಾಕ್ಷಿ ಹಿಡಿದುಕೊಂಡು ಮಾತಾಡಿಸಲು ಹೋಗಿದ್ದರು. ಸಾಹೇಬರು ದ್ರಾಕ್ಷಿಗೆ ಕೈ ಮುಗಿದು ತೆಗೆದುಕೊಂಡರು, ಒಳಗೆ ಹೋಗಿ ತೂಗಿದರು, ಹೊರಗೆ ಬಂದು "ನಲವತ್ತು ಗ್ರಾಂ ಕಮ್ಮಿ ಇದೆ, ಯಾವ ಅಂಗಡಿ?" ಎಂದು ಕೇಳಿದರು. ಮೇಡಂ ಕುರ್ಚಿಯಿಂದ ಏಳುವಷ್ಟರಲ್ಲಿ ಆ ಅಂಗಡಿಯ ತಕ್ಕಡಿಗೆ ಸೀಲು ಬಿದ್ದಿತ್ತು. ಆಮೇಲೆ ಒಂದು ವರ್ಷ ಹಣ್ಣಿನವನು ಮೇಡಂ ಕಂಡರೆ ಮುಖ ತಿರುಗಿಸುತ್ತಿದ್ದ. ಅವರು ಒಂದು ಬಾಳೆಹಣ್ಣಿಗೂ ದೂರದ ಮಾರುಕಟ್ಟೆಗೆ ನಡೆಯಬೇಕಾಯಿತು.

ಕೆಳಗಿನ ಮನೆಯ ಟೈಲರ್ ಕಿಟಕಿ ಪರದೆಗೆ ಅಳತೆ ತೆಗೆಯಲು ಹೋದಾಗ ಸಾಹೇಬರು ಅವನ ಟೇಪನ್ನು ತಮ್ಮ ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಿದರು. "ಎಳೆದೂ ಎಳೆದೂ ಅರ್ಧ ಇಂಚು ಬೆಳೆದಿದೆ" ಎಂದು ಹೇಳಿ, ಅವನದೇ ಕತ್ತರಿಯಿಂದ ಅದನ್ನು ಎರಡು ತುಂಡು ಮಾಡಿದರು. ಮರುದಿನ ಹೊಸ ಟೇಪು ತಾವೇ ತಂದುಕೊಟ್ಟರು. ಟೈಲರ್ ಆ ಟೇಪನ್ನು ಬಳಸಿದ. ಕ್ಷಮಿಸಲಿಲ್ಲ.

ಹೀಗೆ ಒಬ್ಬೊಬ್ಬರಾಗಿ ಹದಿನೆಂಟು ಮನೆಯವರೂ ಆ ಬಾಗಿಲನ್ನು ಬಿಟ್ಟರು. ಇದರ ಫಲ ಉಂಡವರು ಸಾಹೇಬರ ಹೆಂಡತಿ. ನಮಗೆಲ್ಲ ಅವರು ಅಕ್ಕ. ಮೆಟ್ಟಿಲ ಮೇಲೆ ಸಿಕ್ಕರೆ ಅರ್ಧ ಗಂಟೆ ನಿಂತು ಮಾತಾಡುವ ಹೆಂಗಸು. ಆದರೆ ಮಾತು ಮೆಟ್ಟಿಲ ಮೇಲೇ ಮುಗಿಯಬೇಕು. "ಒಳಗೆ ಬನ್ನಿ" ಅಂದರೆ ಸಾಕು, ಎಲ್ಲರಿಗೂ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಅವರ ಮನೆಯ ಡಜನ್ ಕಪ್ಪುಗಳಲ್ಲಿ ಎರಡರ ಅಂಚು ಮಾತ್ರ ಸವೆದಿತ್ತು. ಉಳಿದ ಹತ್ತು ಅಂಗಡಿಯಿಂದ ಬಂದ ಹಾಗೇ ಇದ್ದವು.

"ನಮ್ಮನೆ ಕರೆಗಂಟೆ ಕೆಟ್ಟು ಮೂರು ವರ್ಷ ಆಗಿದೆಯಂತೆ, ಮೊನ್ನೆ ಗೊತ್ತಾಯ್ತು" ಎಂದು ಅಕ್ಕ ಒಮ್ಮೆ ನನ್ನ ಹತ್ತಿರ ಹೇಳಿದರು. ನಗುತ್ತಲೇ ಹೇಳಿದರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನನಗೆ ನಗು ಉಳಿಯಲಿಲ್ಲ.

ಅಕ್ಕನ ತಮ್ಮ ಅಡುಗೆಮನೆ ಸಾಮಾನಿನ ದೊಡ್ಡ ಅಂಗಡಿಯೊಂದರಲ್ಲಿ ಮಾರಾಟಗಾರ. ಅವನು ಆ ವಾರ ಅಡುಗೆಕಟ್ಟೆಯ ಮೇಲೆ ಇಡುವಂಥ ಒಂದು ಐಸ್‌ಕ್ರೀಮ್ ಮೆಷಿನ್ನು ಹೊತ್ತು ತಂದ. ಬಿಳಿ ಬಣ್ಣ, ಎರಡಡಿ ಎತ್ತರ, ಮುಂದೆ ಒಂದು ಹಿಡಿಕೆ. ಮೇಲಿನ ತೊಟ್ಟಿಗೆ ತಣ್ಣನೆಯ ಮಿಶ್ರಣ ಸುರಿದರೆ ಅದು ಒಳಗಿನ ಕೊಳವೆಗೆ ಇಳಿಯುತ್ತದೆ; ಅಲ್ಲಿ ಒಂದು ಕಡೆಗೋಲು ಅದನ್ನು ತಿರುಗಿಸುತ್ತ ಹೆಪ್ಪುಗಟ್ಟಿಸುತ್ತದೆ; ಹಿಡಿಕೆ ಎಳೆದರೆ ಮೆತ್ತಗಿನ ಐಸ್‌ಕ್ರೀಮು ಸುರುಳಿ ಸುರುಳಿಯಾಗಿ ಕಪ್ಪಿಗೆ ಇಳಿಯುತ್ತದೆ. ಅಕ್ಕ ಅದನ್ನು ಒಂದು ಸುತ್ತು ಬಂದು ನೋಡಿದರು. ಸೆರಗು ಸಿಕ್ಕಿಸಿದರು. ಆ ಸಂಜೆಯೇ ನಾಲ್ಕು ಮಹಡಿ ಹತ್ತಿ ಇಳಿದು ಹದಿನೆಂಟು ಮನೆಗೂ ಹೇಳಿ ಬಂದರು: ಭಾನುವಾರ ನಾಲ್ಕು ಗಂಟೆಗೆ, ಐಸ್‌ಕ್ರೀಮಿಗೆ, ಎಲ್ಲರೂ.

"ಸಾಹೇಬ್ರು ಇರ್ತಾರಾ?" ಎಂದು ಟೈಲರ್ ಕೇಳಿದ.

"ಇರ್ತಾರಪ್ಪ. ಅವರ ಮನೆ ಅಲ್ವಾ?"

"ಅದೂ ಸರಿ" ಎಂದ ಟೈಲರ್, ಯೋಚನೆಗೆ ಬಿದ್ದು.

ಆದರೂ ಮೆತ್ತಗಿನ ಐಸ್‌ಕ್ರೀಮು ಎಂದರೆ ಹೆದರಿಕೆಗಿಂತ ಒಂದು ಕೈ ಮೇಲೆ. ಬಹಳ ಜನ ಹೂಂ ಎಂದರು.

ಗುರುವಾರ ಪರೀಕ್ಷೆ. ಹಿಂದಿನ ದಿನವೇ ಹಾಲು, ಕೆನೆ, ಹಾಲಿನ ಪುಡಿ, ಸಕ್ಕರೆ, ಚಿಟಿಕೆ ಉಪ್ಪು ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಸಾಹೇಬರು ಆಫೀಸಿನಿಂದ ಬಂದವರು ಯಾರೂ ಕೇಳದಿದ್ದರೂ ಅಳತೆಯ ಪಾತ್ರೆ ತೆಗೆದು ಸರಿಯಾಗಿ ಒಂದು ಲೀಟರು ಅಳೆದು ಸುರಿದರು. ಹೊರಗೆ ಬಂದದ್ದನ್ನೂ ಅಳೆದರು. ಒಂದೂವರೆ ಲೀಟರಿಗೆ ಚೂರು ಕಮ್ಮಿ. ಪಾತ್ರೆ ತೊಳೆದು ಮತ್ತೆ ಅಳೆದರು. ಅಷ್ಟೇ.

ನನ್ನದು ಅವರ ಪಕ್ಕದ ಮನೆ, ನಡುವಿನ ಗೋಡೆ ತೆಳು. ನಾನು ಕಿವಿಗೊಡಲಿಲ್ಲ, ಮಾತು ತಾನಾಗಿಯೇ ಬಂತು.

"ಹೆಚ್ಚಿನ ಅರ್ಧ ಲೀಟರು ಎಲ್ಲಿಂದ ಬಂತಯ್ಯಾ?"

"ಅದು ಗಾಳಿ, ಭಾವ."

"ಗಾಳಿನಾ?"

"ತಿರುಗಿಸ್ತಾ ತಿರುಗಿಸ್ತಾ ಒಳಗೆ ಸೇರ್ಕೊಳುತ್ತೆ. ತೊಟ್ಟಿಯಲ್ಲಿ ಒಂದು ಸಣ್ಣ ನಳಿಗೆ ನಿಂತಿದೆ ನೋಡಿ, ಅದರ ತೂತಿಂದ ಹೋಗೋದು. ಗಾಳಿ ಇಲ್ದಿದ್ರೆ ಮೆತ್ತಗೆ ಹೇಗಾಗುತ್ತೆ?"

"ಅಂದ್ರೆ ಕಪ್ಪು ತುಂಬಿದ ಹಾಗೆ ಕಾಣುತ್ತೆ, ತುಂಬಿರೋದಿಲ್ಲ."

"ತಿನ್ನೋಕೆ ಚೆನ್ನಾಗಿರುತ್ತೆ, ಭಾವ."

"ನಾನು ಅದನ್ನ ಕೇಳಲಿಲ್ಲ."

ಅಕ್ಕ ನಡುವೆ ಬಾಯಿ ಹಾಕಿ "ರೀ, ಒಂದು ಚಮಚ ತಿಂದು ನೋಡಿ" ಅಂದರು. ಸಾಹೇಬರು ತಿಂದರಂತೆ. ಮೂವತ್ತು ವರ್ಷದಲ್ಲಿ ತಮಗೆ ಇಷ್ಟು ರುಚಿಯಾದ ಮೋಸ ಸಿಕ್ಕಿದ್ದು ಇದೇ ಮೊದಲು ಎಂದು ಹೇಳಿದರಂತೆ. ಇದನ್ನು ಹೊಗಳಿಕೆಯೆಂದು ತಿಳಿದು ಅಕ್ಕ ನೆಮ್ಮದಿಯಿಂದ ಮಲಗಿದರು.

ಶುಕ್ರವಾರ ಬೆಳಿಗ್ಗೆ ಮೆಟ್ಟಿಲ ಬುಡದ ಬೋರ್ಡಿನಲ್ಲಿ, ನೀರಿನ ಪಂಪು ರಿಪೇರಿಯ ಸೂಚನೆಯ ಪಕ್ಕ, ಒಂದು ಕಾಗದ ಅಂಟಿತ್ತು. ದುಂಡಗಿನ ಅಕ್ಷರ, ಕೆಳಗೆ ಸಹಿ, ತಾರೀಖು.

"ಪ್ರಕಟಣೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ ಎರಡನೆಯ ಮಹಡಿ ಎಡ ಮನೆಯಲ್ಲಿ ವಿತರಿಸಲಾಗುವ ಐಸ್‌ಕ್ರೀಮಿನ ಗಾತ್ರದಲ್ಲಿ ಸುಮಾರು ಮೂರರಲ್ಲೊಂದು ಪಾಲು ಗಾಳಿ ಇರುತ್ತದೆ. ಕಪ್ಪು ಒಂದಕ್ಕೆ ನಿವ್ವಳ ತೂಕ ತೊಂಬತ್ತು ಗ್ರಾಂ. ಕಡಿಮೆ ಕಂಡುಬಂದಲ್ಲಿ ಗ್ರಾಹಕರು ಈ ಕೆಳಗಿನ ನಂಬರಿಗೆ ದೂರು ಸಲ್ಲಿಸಬಹುದು."

ನಂಬರು ಇಲಾಖೆಯದು. ಸಾಹೇಬರ ಕೈ ಮೂವತ್ತು ವರ್ಷ ಇಂಥ ಪ್ರಕಟಣೆಗಳನ್ನು ಬರೆದ ಕೈ. ಗ್ರಾಹಕರು, ವಿತರಣೆ, ನಿವ್ವಳ ಇವೆಲ್ಲ ಅವರನ್ನು ಕೇಳದೆಯೇ ಕಾಗದದ ಮೇಲೆ ಇಳಿಯುವ ಮಾತುಗಳು. ಅತಿಥಿ ಎಂಬ ಪದ ಅವರ ಕಡತಗಳಲ್ಲಿ ಎಲ್ಲೂ ಬಂದಿರಲಿಲ್ಲ.

ಎಂಟು ಗಂಟೆಗೆ ಬೋರ್ಡಿನ ಮುಂದೆ ಆರೇಳು ಜನ. ಹೆಡ್‌ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದರು.

"ವ್ಯಾಪಾರ! ವಾಸದ ಮನೆಯಲ್ಲಿ ವ್ಯಾಪಾರ! ಸಂಘದ ನಿಯಮ ಏಳು ಏನು ಹೇಳುತ್ತೆ?"

ನಿಯಮ ಏಳು ಏನು ಹೇಳುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರೂ ತಲೆಯಾಡಿಸಿದರು.

"ನಾನು ಆವತ್ತೇ ಅಂದ್ಕೊಂಡೆ" ಎಂದ ಟೈಲರ್. "ಇಷ್ಟು ವರ್ಷ ಸಿಕ್ಕಸಿಕ್ಕ ಅಂಗಡಿಗೆಲ್ಲ ಸೀಲು ಹಾಕಿದ್ದು ಯಾಕೆ? ಪೈಪೋಟಿ ಇರಬಾರದು ಅಂತ. ಈಗ ತಾವೇ ಅಂಗಡಿ ತೆಗೆದ್ರು ನೋಡಿ. ಅದೂ ಏನನ್ನ ಮಾರೋಕೆ? ಗಾಳಿನ!"

"ಬೇರೆಯವರು ಕದ್ದು ಕಮ್ಮಿ ಕೊಡ್ತಾರೆ, ಇವರು ಬರೆದು ಅಂಟಿಸಿ ಕೊಡ್ತಿದ್ದಾರೆ. ಧೈರ್ಯ ಬೇಕು" ಎಂದರು ಮೇಲಿನ ಮನೆಯ ಬಸ್ ಕಂಡಕ್ಟರು, ನಿಜವಾದ ಗೌರವದಿಂದ.

ಅಕ್ಕ ಎಲ್ಲರನ್ನೂ ಬಾಯಿತುಂಬ ಕರೆದಿದ್ದಾರಲ್ಲ, ವ್ಯಾಪಾರವಾದರೆ ಹಾಗೆ ಕರೆಯುತ್ತಾರೆಯೇ ಎಂದು ನಾನು ಕೇಳಿದೆ.

"ಮೊದಲನೇ ದಿನ ಎಲ್ಲರೂ ಬಿಟ್ಟಿ ಕೊಡೋದೇ" ಎಂದು ಮೇಡಂ ನನ್ನ ಕಡೆ ಮರುಕದಿಂದ ನೋಡಿದರು. "ರುಚಿ ಹತ್ತಿಸೋಕೆ."

ಟೈಲರ್ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ಆ ನಂಬರಿಗೆ ಫೋನ್ ಮಾಡಿದ. ಬಂದ ದೂರನ್ನೆಲ್ಲ ದಾಖಲಿಸಲೇಬೇಕು, ರಜೆಯಿರಲಿ ಬಿಡಲಿ ಎರಡು ದಿನದೊಳಗೆ ಸ್ಥಳಕ್ಕೆ ಹೋಗಲೇಬೇಕು, ಆರೋಪಿ ಎಂಥ ದೊಡ್ಡವನಾದರೂ ಸರಿ ಎಂಬ ಸುತ್ತೋಲೆ ಆ ಆಫೀಸಿನ ಗೋಡೆಯ ಮೇಲೆ ತೂಗುತ್ತಿತ್ತು. ಅದನ್ನು ಬರೆದವರು ತಕ್ಕಡಿ ಸಾಹೇಬರೇ.

ಶನಿವಾರ ಅಕ್ಕ ಇನ್ನೊಮ್ಮೆ ಜ್ಞಾಪಿಸಿ ಬರೋಣ ಎಂದು ಹೊರಟರು. ಒಂದೇ ರಾತ್ರಿಯಲ್ಲಿ ಕಟ್ಟಡದ ಆರೋಗ್ಯ ಕೆಟ್ಟುಹೋಗಿತ್ತು. ಒಬ್ಬರಿಗೆ ಹಲ್ಲು ಜುಮ್ಮೆನ್ನುತ್ತಿತ್ತು, ಒಬ್ಬರಿಗೆ ಗಂಟಲು ಕಟ್ಟಿತ್ತು, ಕಂಡಕ್ಟರರಿಗೆ ಭಾನುವಾರ ಸಂಜೆ ನಾಲ್ಕಕ್ಕೇ ಸರಿಯಾಗಿ ತಲೆನೋವು ಬರುವುದಿತ್ತು. ಮೆಟ್ಟಿಲಿಳಿದು ಬುಡಕ್ಕೆ ಬಂದ ಅಕ್ಕನ ಕಣ್ಣಿಗೆ ಬೋರ್ಡು ಬಿತ್ತು. ಕಾಗದವನ್ನು ಹರಿಯಲಿಲ್ಲ. ನಾಲ್ಕು ಮೂಲೆಯನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸಿ, ಮಡಿಸಿ, ಮೇಲೆ ತೆಗೆದುಕೊಂಡು ಹೋದರು.

ಗೋಡೆ ಮತ್ತೆ ತನ್ನ ಕೆಲಸ ಮಾಡಿತು.

"ಇದನ್ನ ಯಾಕೆ ಅಂಟಿಸಿದ್ರಿ?"

"ಕಪ್ಪು ತುಂಬಿದೆ ಅಂತ ನಂಬಿ ತಿಂತಾರೆ. ಹೇಳದೆ ಕೊಡೋದು ಸರಿನಾ?"

"ರೀ, ಒಬ್ಬರಾದ್ರೂ ನಮ್ಮನೇಲಿ ಬಂದು ಕೂತು, ನಾಲ್ಕು ಮಾತಾಡಿ ಹೋಗಲಿ ಅಂತ ನಾನು ಇದನ್ನೆಲ್ಲ ಮಾಡಿದ್ದು. ಎಷ್ಟು ಗ್ರಾಂ ತಿಂದ್ರು ಅಂತ ನೋಡೋಕಲ್ಲ. ಈ ಕಟ್ಟಡಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಕರೆದಿದ್ದು ನಾನು, ಓಡಿಸಿದ್ದು ನೀವು."

ಆಮೇಲೆ ಸಾಹೇಬರ ದನಿ, ಯಾವತ್ತಿಗಿಂತ ಸಣ್ಣಗೆ: "ಗಾಳಿ ಇಲ್ಲದೆ ಇದ್ದಿದ್ರೆ ನೋಟಿಸೇ ಬೇಕಿರಲಿಲ್ಲ."

ಹೆಂಡತಿಗೆ ಸಮಾಧಾನ ಹೇಳುವ ಉದ್ದೇಶದಿಂದಲೇ ಅವರು ಈ ಮಾತನ್ನು ಆಡಿದರೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಭಾನುವಾರ ನಾಲ್ಕು ಗಂಟೆ. ಯಾರೂ ಬರಲಿಲ್ಲ. ನಾನು ಹೊರಡಲು ಅಂಗಿ ಗುಂಡಿ ಹಾಕುತ್ತಿದ್ದೆ. ಒಬ್ಬನೇ ಹೋಗಿ ಹದಿನೆಂಟು ಮನೆಯವರಿಗೆಂದು ಇಟ್ಟ ಕುರ್ಚಿಗಳ ನಡುವೆ ಕೂರುವ ಧೈರ್ಯಕ್ಕಾಗಿ ಕಾಯುತ್ತಿದ್ದೆ. ನಾಲ್ಕೂ ಹತ್ತಕ್ಕೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಕೈಯಲ್ಲಿ ಚರ್ಮದ ಚೀಲ ಹಿಡಿದ ಒಬ್ಬ ಯುವಕ, ಕಿರಿಯ ಇನ್ಸ್‌ಪೆಕ್ಟರು. ಸಾಹೇಬರ ಕೈಕೆಳಗೇ ಕೆಲಸ ಕಲಿತವನು.

"ಸಾರ್, ದೂರು ಬಂದಿದೆ."

"ಯಾರ ಮೇಲೆ?"

"ನಿಮ್ಮ ಮೇಲೆ ಸಾರ್."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಹಾಗಾದ್ರೆ ಬಾಗಿಲಲ್ಲಿ ಯಾಕೆ ನಿಂತಿದ್ದೀಯ? ಮೊದಲು ದೂರುದಾರನನ್ನ ಕರೆಸು. ಅಕ್ಕಪಕ್ಕದ ಇಬ್ಬರು ಸಾಕ್ಷಿಗಳನ್ನ ಹಿಡಿ. ಅವರಿಲ್ಲದೆ ಸಾಮಾನು ಮುಟ್ಟಬೇಡ. ನಿನಗೆ ಎಷ್ಟು ಸಲ ಹೇಳಿಲ್ಲ?"

ಸಾಕ್ಷಿಗಳಾಗಿ ಹೆಡ್‌ಮೇಡಂ ಮತ್ತು ನಾನು ಸಿಕ್ಕೆವು. ದೂರುದಾರನಾಗಿ ಟೈಲರ್ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ತಕ್ಕಡಿ ಸಾಹೇಬರ ಮನೆಗೇ ತಕ್ಕಡಿ ಬಂದಿದೆ ಎಂಬ ಸುದ್ದಿ ನಮಗಿಂತ ಮೊದಲೇ ನಾಲ್ಕನೆಯ ಮಹಡಿ ಮುಟ್ಟಿತ್ತು. ಐದು ನಿಮಿಷದಲ್ಲಿ ಹದಿನೆಂಟು ಮನೆಯವರೂ ಬಾಗಿಲ ಮುಂದೆ. ಜುಮ್ಮೆನ್ನುವ ಹಲ್ಲು, ಕಟ್ಟಿದ ಗಂಟಲು, ಬರಬೇಕಾಗಿದ್ದ ತಲೆನೋವು ಎಲ್ಲವೂ ಮಾಯ.

"ಸಾಕ್ಷಿಗಳು ಬಿಟ್ಟು ಹೊರಗಿನವರೆಲ್ಲ ದೂರ ಹೋಗಿ" ಎಂದ ಯುವಕ.

ಅಕ್ಕ ಅಡುಗೆಮನೆಯಿಂದ ಬಂದರು. "ಇವರು ಹೊರಗಿನವರಲ್ಲಪ್ಪ. ನಾನು ಕರೆದವರು" ಎಂದರು. "ಬನ್ನಿ, ಒಳಗೆ ಬನ್ನಿ."

ಈ ಸಲ ಯಾರಿಗೂ ಒಲೆಯ ಮೇಲಿನ ಹಾಲು ನೆನಪಾಗಲಿಲ್ಲ. ಜನ ಒಳಗೆ ನುಗ್ಗಿದರು. ಕುರ್ಚಿ ಸಾಲದೆ ಮಂಚಕ್ಕೆ, ಮಂಚ ಸಾಲದೆ ಕಿಟಕಿ ಕಟ್ಟೆಗೆ ಹತ್ತಿದರು. ಯುವಕ ಚೀಲ ಬಿಚ್ಚಿ ಸಣ್ಣ ತಕ್ಕಡಿ ತೆಗೆದು ಮೇಜಿನ ಮೇಲಿಟ್ಟ. ಮಹಜರಿನ ಕಾಗದ ಹರಡಿಕೊಂಡ. ಅಕ್ಕನ ತಮ್ಮ ಹೊಸ ಕಪ್ಪೊಂದನ್ನು ಮೆಷಿನ್ನಿನ ಮೂತಿಯ ಕೆಳಗೆ ಹಿಡಿದು, ಅಂಗಡಿಯಲ್ಲಿ ನಗುವ ನಗು ನಕ್ಕು, ಹಿಡಿಕೆ ಎಳೆದ.

ಏನೂ ಬರಲಿಲ್ಲ.

ಇನ್ನೂ ಜೋರಾಗಿ ಎಳೆದ. ಮೆಷಿನ್ನು ಗೊಂಯ್ ಎಂದಿತು, ಮೈ ನಡುಗಿಸಿತು, ಹಠ ಹಿಡಿದ ಎತ್ತಿನ ಹಾಗೆ ನಿಂತುಬಿಟ್ಟಿತು.

"ಗಾಳಿನೂ ಬರ್ತಿಲ್ವಲ್ರೀ!" ಎಂದ ಟೈಲರ್.

ಅಕ್ಕನ ತಮ್ಮ ಮೆಷಿನ್ನಿನ ಹಿಂದೆ ಮುಂದೆ ಬಗ್ಗಿ ನೋಡಿದ. ತೊಟ್ಟಿಯ ಮುಚ್ಚಳದ ಸಂದಿಯಿಂದ ಒಂದು ತಂತಿ ಹೊರಗೆ ಬಂದಿತ್ತು. ತಂತಿಯ ತುದಿಯಲ್ಲಿ ಗುಂಡಿಯಷ್ಟು ದೊಡ್ಡ ಸೀಸದ ಬಿಲ್ಲೆ, ಅದರ ಮೇಲೆ ಇಲಾಖೆಯ ಮುದ್ರೆ.

"ಭಾವ, ಇದೇನು?"

"ಮಧ್ಯಾಹ್ನ ನೀನು ಹಾಲು ಸುರಿದು ಹೋದ ಮೇಲೆ ಗಾಳಿಯ ತೂತಿಗೆ ಬಿರಡೆ ಹಾಕಿ ಭದ್ರ ಮಾಡಿದೆ" ಎಂದರು ಸಾಹೇಬರು. "ಯಾರಿಗೂ ಕಮ್ಮಿ ಹೋಗಬಾರದು ಅಂತ. ತಂತಿ ಕುದಿಸಿದ್ದೀನಿ. ಸೀಸ ಹಾಲಿಗೆ ತಾಗದ ಹಾಗೆ ಹೊರಗೆ ಬಿಟ್ಟಿದ್ದೀನಿ."

ಅಕ್ಕನ ತಮ್ಮ ತಲೆಯ ಮೇಲೆ ಕೈ ಹೊತ್ತ. "ಗಾಳಿ ಇಲ್ಲದಿದ್ರೆ ಹಾಲು ಕೆಳಗೆ ಸರಿಯಾಗಿ ಇಳಿಯೋದೇ ಇಲ್ಲ ಭಾವ! ಇಳಿದಷ್ಟು ಒಳಗೆ ಕಲ್ಲಾಗಿ ಕೂತಿದೆ. ಈ ತಂತಿ ಕತ್ತರಿಸಿ, ಬಿರಡೆ ತೆಗೆದು, ಕರಗೋಕೆ ಬಿಡಬೇಕು." ಟೈಲರನ ಜೇಬಿನಲ್ಲಿ ಕತ್ತರಿ ಕಂಡಿತು, ಅದಕ್ಕೆ ಕೈ ಹಾಕಿದ.

"ಮುಟ್ಟಬೇಡಿ!" ಎಂದು ಕಿರಿಯ ಇನ್ಸ್‌ಪೆಕ್ಟರು ಎದ್ದು ನಿಂತ. "ಅದು ಇಲಾಖೆ ಸೀಲು. ಯಾರು ಹಾಕಿದ್ರೋ ಅವರೇ ತೆಗೀಬೇಕು. ಸಾಕ್ಷಿಗಳ ಎದುರಿಗೆ. ಕಾರಣ ಬರೆದು."

ಅಷ್ಟು ಹೇಳಿ ತಾನೇ ಹೆದರಿ ಸಾಹೇಬರ ಮುಖ ನೋಡಿದ. ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಹುಡುಗ ಚೆನ್ನಾಗಿ ಕಲಿತಿದ್ದ.

ಒಳಗಿನಿಂದ ಇಕ್ಕಳ ತಂದರು. ಬಿಲ್ಲೆಯನ್ನು ಎಡಗೈಯಲ್ಲಿ ಹಿಡಿದರು. ಅಲ್ಲಿಗೆ ಕೈ ನಿಂತಿತು. ಮೂವತ್ತು ವರ್ಷದಲ್ಲಿ ಸಾವಿರಗಟ್ಟಲೆ ಸೀಲು ಹಾಕಿದ ಆ ಕೈ, ಎದುರಿನವನು ತನ್ನ ತಪ್ಪು ತಿದ್ದಿಕೊಂಡ ಹೊರತು ಒಂದನ್ನೂ ತೆಗೆದದ್ದಿಲ್ಲವೆಂದು ಆಮೇಲೆ ಯುವಕ ನನಗೆ ಹೇಳಿದ.

"ಕಾರಣ ಏನಂತ ಬರೀಲಿ, ಸಾರ್?" ಯುವಕ ಪೆನ್ನು ಹಿಡಿದು ಕೇಳಿದ.

ಸಾಹೇಬರು ಉತ್ತರ ಹುಡುಕಿದರು. ಅಳತೆ ತಪ್ಪಿತ್ತು ಎನ್ನುವಂತಿಲ್ಲ. ಸರಿಯಾಗಿದೆ ಎನ್ನುವಂತೆಯೂ ಇಲ್ಲ. ಮಂಚದ ಮೇಲೆ ಕೂತವರನ್ನು ನೋಡಿದರು, ಕಿಟಕಿ ಕಟ್ಟೆಯ ಮೇಲಿನವರನ್ನು ನೋಡಿದರು. ಇಷ್ಟು ಜನ ತಮ್ಮ ಮನೆಯಲ್ಲಿ ಹಿಡಿಸುತ್ತಾರೆಂದು ಅವರು ಯಾವತ್ತೂ ಅಳೆದು ನೋಡಿರಲಿಲ್ಲ.

"ಜನ ಕಾಯ್ತಿದ್ದಾರೆ ಅಂತ ಬರಿ" ಎಂದರು ಅಕ್ಕ.

ಯುವಕ ಸಾಹೇಬರ ಕಡೆ ತಿರುಗಿದ.

"ಬರಿ" ಎಂದರು ಸಾಹೇಬರು. ತಂತಿ ಕಟ್ ಎಂದಿತು.

ಒಳಗಿನ ಕಲ್ಲು ಕರಗಲು ಇಪ್ಪತ್ತು ನಿಮಿಷ ಬೇಕೆಂದು ತಮ್ಮ ಹೇಳಿದ. ಈ ಇಪ್ಪತ್ತು ನಿಮಿಷ ಆ ಮನೆಯಲ್ಲಿ ತಿನ್ನಲು ಏನೂ ಇರಲಿಲ್ಲ, ನೋಡಲು ಏನೂ ಇರಲಿಲ್ಲ. ಕಾಗದಕ್ಕೆ ಸಹಿ ಆಗದೆ ಸಾಕ್ಷಿಗಳು ಏಳುವ ಹಾಗೂ ಇರಲಿಲ್ಲ. ಬೇರೆ ದಾರಿ ಕಾಣದೆ ಜನ ಮಾತಾಡಿದರು. ಹೆಡ್‌ಮೇಡಂ ಗೋಡೆಯ ಬಿರುಕು ನೋಡಿ ತಮ್ಮ ಮನೆಯಲ್ಲೂ ಅದೇ ಜಾಗದಲ್ಲಿ ಇದೆ ಎಂದರು. ಕಂಡಕ್ಟರು ತಮ್ಮ ಬಸ್ಸಿನಲ್ಲಿ ಮೇಕೆಮರಿಗೆ ಟಿಕೆಟು ಕೇಳಿ ಏಟು ತಿಂದ ಕಥೆ ಹೇಳಿದರು. ಅಕ್ಕ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸಾಹೇಬರು ಮಾತ್ರ ಇಕ್ಕಳ ಹಿಡಿದು ಮೆಷಿನ್ನಿನ ಪಕ್ಕ ನಿಂತೇ ಇದ್ದರು, ಯಾವ ಕುರ್ಚಿಯೂ ಖಾಲಿ ಇರದಿದ್ದರಿಂದ. ಕೊನೆಗೆ ಟೈಲರ್ ಮಂಚದ ಮೇಲೆ ಒಂದಿಷ್ಟು ಸರಿದು "ಕೂತ್ಕೊಳ್ಳಿ ಸಾಹೇಬ್ರೇ, ನಿಮ್ಮನೇನೇ" ಎಂದ.

ಮೆಷಿನ್ನು ಮತ್ತೆ ತಿರುಗತೊಡಗಿ, ಹಿಡಿಕೆ ಎಳೆದಾಗ, ಬೆಳ್ಳಗಿನ ಸುರುಳಿ ಕಪ್ಪಿಗೆ ಇಳಿಯಿತು. ಮೊದಲ ಕಪ್ಪು ದೂರುದಾರನ ಮುಂದೆ. ಯುವಕ ಖಾಲಿ ಕಪ್ಪೊಂದನ್ನು ತೂಗಿ, ಬರೆದುಕೊಂಡು, ಲೆಕ್ಕ ಕೂಡಿಸಿ ತಲೆಯೆತ್ತಿದ.

"ಸ್ಯಾಂಪಲ್ ಕೊಡಿ."

ಟೈಲರ್ ಚಮಚ ನೆಕ್ಕುತ್ತಿದ್ದ. "ಯಾವ ಸ್ಯಾಂಪಲ್ಲು?"

"ರೀ, ಅದು ಸಾಕ್ಷ್ಯ!"

"ಕರಗ್ತಾ ಇತ್ತು" ಎಂದ ಟೈಲರ್. "ಕಣ್ಣೆದುರಿಗೆ ಹಾಳಾಗೋಕೆ ಬಿಡಲಾ?"

ಎರಡನೆಯ ಸ್ಯಾಂಪಲ್ಲು ಮೇಡಂ ಕೈಗೆ ಹೋಯಿತು. ಅದೂ ತಕ್ಕಡಿ ಮುಟ್ಟಲಿಲ್ಲ. ಮೂರನೆಯದನ್ನು ಸಾಹೇಬರೇ ಎತ್ತಿಕೊಂಡರು. ಅವರು ಅದನ್ನು ತಕ್ಕಡಿಯ ತನಕ ತಂದರು, ಒಂದು ಗಳಿಗೆ ನಿಂತರು, ಆಮೇಲೆ ಯುವಕನ ಕೈಗೆ ಕೊಟ್ಟರು.

"ತಿನ್ನು. ನೀನೂ ರಜೆ ದಿನ ಬಂದಿದ್ದೀಯ."

ಆರು ಗಂಟೆಗೆ ಮಹಜರು ಸಿದ್ಧವಾಯಿತು. ದೂರುದಾರರೇ ಸಾಕ್ಷ್ಯವನ್ನು ಸೇವಿಸಿದ್ದರಿಂದ ತೂಕ ನಿರ್ಧರಿಸಲು ಸಾಧ್ಯವಾಗಿಲ್ಲ, ದೂರನ್ನು ಮುಕ್ತಾಯಗೊಳಿಸಿದೆ ಎಂದು ಅದರಲ್ಲಿ ಬರೆದಿದೆ. ಕೆಳಗೆ ನನ್ನ ಸಹಿಯೂ ಇದೆ.

ಮಂಗಳವಾರ ಸಂಜೆ ಹೆಡ್‌ಮೇಡಂ ಆ ಮನೆಗೆ ಹೋದರು. ಮೆಷಿನ್ನಿನ ಭಾಗಗಳೆಲ್ಲ ತೊಳೆದು ಬಟ್ಟೆಯ ಮೇಲೆ ಒಣಗುತ್ತಿದ್ದವು. "ಅಯ್ಯೋ, ಇವತ್ತು ಏನೂ ಇಲ್ವಲ್ಲ ಮೇಡಂ" ಎಂದರು ಅಕ್ಕ. "ನಾನು ಕೇಳಿದ್ನಾ?" ಎಂದು ಮೇಡಂ ಒಂದು ಕುರ್ಚಿ ಎಳೆದುಕೊಂಡರು.

ನಾಲ್ಕಕ್ಕೆ ಹೋದವರು ಆರಕ್ಕೆ ಎದ್ದರು.